ಮಾಲ್ಟಾದ ನಾದಿನಿ

ನನ್ನ ನಾದಿನಿಯ ಕೈಗಳು ಯಾವಾಗಲೂ ತಣ್ಣಗಿರುತ್ತಿದ್ದವು. ದಿನವಿಡೀ ತೊಳೆದು ತೊಳೆದು ಬೆರಳಸಂದಿಯ ಚರ್ಮ ಬಿರಿದಿತ್ತು. ಯಾರನ್ನೇ ಮುಟ್ಟುವ ಮುಂಚೆ ಎರಡೂ ಅಂಗೈಗಳನ್ನು ಗಸಗಸನೆ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುವಳು. ನಮ್ಮತ್ತೆಯ ಕಾಲು ಒತ್ತುವಾಗಲೂ ಹಾಗೆಯೇ, ಕೊಟ್ಟಿಗೆಯ ಕರುವಿನ ಮೈ ಸವರುವಾಗಲೂ ಹಾಗೆಯೇ.

ಅವಳು ದೊಡ್ಡಬಳ್ಳಾಪುರದ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಸೂಜಿ ಹಾಕಿಸಲು ಮಕ್ಕಳನ್ನು ಕರೆತಂದ ತಾಯಂದಿರು ‘ನೋವಾಗಲ್ಲ ಚಿನ್ನಾ’ ಎಂದು ರಮಿಸುತ್ತಿದ್ದರೆ ಇವಳು ಅವರನ್ನು ತಡೆಯುತ್ತಿದ್ದಳು. ‘ನೋವಾಗುತ್ತೆ ಕಣಪ್ಪ. ಅಳು ಬಂದ್ರೆ ಅಳು. ನಾನು ಇಲ್ಲೇ ಇರ್ತೀನಿ’ ಎಂದು ಮಗುವಿಗೇ ಹೇಳಿ ಸೂಜಿ ಚುಚ್ಚುವಳು. ‘ಒಂದ್ಸಲ ಸುಳ್ಳು ಹೇಳಿದ್ರೆ ಆ ಮಗು ಇನ್ಯಾವತ್ತೂ ನಮ್ಮ ಕೈಗೆ ಸಿಗಲ್ಲ ಅತ್ತಿಗೆ’ ಎನ್ನುತ್ತಿದ್ದಳು.

ಅಂಥವಳು ಒಮ್ಮೆ ಮಾತ್ರ ಆ ಮಾತು ಮೀರಿದಳು. ಸೋಂಪುರದ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ ಅವಳ ಗಂಡ ಅರಿಶಿನಕುಂಟೆಯ ಹತ್ತಿರ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡಾಗ ಮಗಳಿಗೆ ಇನ್ನೂ ಹಲ್ಲು ಬರುತ್ತಿತ್ತು. ಆರು ತಿಂಗಳಾದ ಮೇಲೆ ಮಾಲ್ಟಾ ದ್ವೀಪದ ಆಸ್ಪತ್ರೆಯೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಮಗುವನ್ನು ಜೊತೆಗೆ ಒಯ್ಯಲು ಆಗ ಅನುಮತಿ ಇರಲಿಲ್ಲ, ನಮ್ಮ ಮನೆಯಲ್ಲೇ ಬಿಟ್ಟು ಹೋಗುವುದೆಂದಾಯಿತು. ಹೊರಡುವ ದಿನ ನಮ್ಮತ್ತೆ, ‘ಮಗು ಮಲಗಿದೆ, ಎಬ್ಬಿಸ್ಬೇಡ. ಹಂಗೇ ಹೊರಟ್ಬಿಡು’ ಎಂದರು. ಅವಳು ಹಾಗೆಯೇ ಹೊರಟುಹೋದಳು. ಎದ್ದ ಮಗು ಬಚ್ಚಲು, ಕೊಟ್ಟಿಗೆ, ಮಂಚದ ಕೆಳಗೆ ಎಲ್ಲ ಕಡೆ ಹುಡುಕಿತು. ಅದನ್ನು ನಾನು ಫೋನಿನಲ್ಲಿ ಅವಳಿಗೆ ಹೇಳಿದೆ.

ನನಗೆ ಮಕ್ಕಳಿರಲಿಲ್ಲ. ಮಗು ನನ್ನ ಸೊಂಟದ ಮೇಲೆಯೇ ಬೆಳೆಯಿತು, ನನ್ನನ್ನೇ ಅಮ್ಮ ಎಂದಿತು. ಅದಕ್ಕೆ ಐದಾಗುವ ಹೊತ್ತಿಗೆ ಅನುಮತಿ ಬಂತು, ನಾವು ಗಂಡ ಹೆಂಡತಿ ಅದನ್ನು ಕರೆದುಕೊಂಡು ಮಾಲ್ಟಾಕ್ಕೆ ಹೋದೆವು. ನಾದಿನಿ ರಜೆ ಹಾಕಿ, ಕಡಲ ದಂಡೆಯಲ್ಲೇ ಎರಡು ಕೋಣೆಯ ಮನೆ ಹಿಡಿದಿದ್ದಳು. ಒಂದು ವಾರ ಎಲ್ಲರೂ ಕೂಡಿ ಇರುವುದು, ಆಮೇಲೆ ಮಗುವನ್ನು ಅವಳಿಗೆ ಒಪ್ಪಿಸಿ ನಾನೂ ನನ್ನ ಗಂಡನೂ ವಾಪಸಾಗುವುದು ಎಂದು ಮಾತಾಗಿತ್ತು.

ಅಷ್ಟು ನೀಲಿ ನೀರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಸುತ್ತಲೂ ಯಾರ‍್ಯಾರೋ ಅಪ್ಪ ಅಮ್ಮಂದಿರು ಮಕ್ಕಳ ಬೆನ್ನಿಗೆ ಕ್ರೀಮು ಹಚ್ಚುತ್ತ, ಐಸ್‌ಕ್ರೀಮು ಕೊಡಿಸುತ್ತ ನಗುತ್ತಿದ್ದರು. ನಮ್ಮ ಮಗು ನನ್ನ ಕುತ್ತಿಗೆ ಬಿಡಲಿಲ್ಲ. ಹೆತ್ತವಳು ಹತ್ತಿರ ಬಂದರೆ ಮುಖ ಮುಚ್ಚಿಕೊಳ್ಳುತ್ತಿತ್ತು. ಅವಳು ಬಲವಂತ ಮಾಡಲಿಲ್ಲ. ನಾಲ್ಕು ಮಾರು ದೂರದಲ್ಲಿ ಮರಳಿನ ಮೇಲೆ ಕೂತು, ತನ್ನ ಪಾಡಿಗೆ ತಾನು ಗುಂಡಿ ತೋಡಿ ನೀರು ತುಂಬಿಸುತ್ತಿದ್ದಳು. ಮಗು ಬೆರಳುಗಳ ಸಂದಿಯಿಂದ ಅದನ್ನೇ ನೋಡುತ್ತಿತ್ತು.

ಮೂರು ದಿನ ಹೀಗೇ ಕಳೆಯಿತು. ಒಂದು ಸಂಜೆ ನನ್ನ ಗಂಡ ತಡೆಯಲಾರದೆ, ‘ಮಗು ಒಗ್ತಾ ಇಲ್ಲ ಕಣಮ್ಮ. ಇನ್ನೊಂದ್ ವರ್ಷ ನಮ್ಮತ್ರನೇ ಇರ್ಲಿ ಬಿಡು’ ಎಂದರು.

ಅವಳು ನನ್ನ ಕಡೆ ತಿರುಗಿದಳು. ‘ನೀನೇನಂತೀಯ ಅತ್ತಿಗೆ?’

‘ನಿನ್ನ ಮಗು. ನೀನು ಹೇಳ್ದಂಗೆ’ ಎಂದೆ. ಒಳಗೊಳಗೇ, ಆಗಲಿ ಅನ್ನು, ನೀವೇ ಕರಕೊಂಡು ಹೋಗಿ ಅನ್ನು ಎಂದು ಬೇಡಿಕೊಳ್ಳುತ್ತಿದ್ದೆ. ಅವಳಿಗೆ ಅದು ತಿಳಿಯದೆ ಇದ್ದೀತೆ? ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಮಗುವನ್ನು ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ನಿಲ್ಲಿಸಿಕೊಂಡಿದ್ದೆ. ಇದ್ದಕ್ಕಿದ್ದಂತೆ ಅದು ಚೀರಿತು. ಜೆಲ್ಲಿಫಿಶ್ ಎಂಬ ಲೋಳೆಮೀನಿನ ಕುಟುಕುವ ಎಳೆಗಳು ತಗುಲಿ ಕಾಲ ತುಂಬ ಬಾಸುಂಡೆಯಂತೆ ಕೆಂಪು ಗೆರೆಗಳೆದ್ದಿದ್ದವು. ನಾನು ದಿಕ್ಕು ತೋಚದೆ ಬಾಟಲಿಯ ಕುಡಿಯುವ ನೀರನ್ನು ಸುರಿಯಲು ಹೋದೆ. ಓಡಿಬಂದ ನಾದಿನಿ ಬಾಟಲಿಯನ್ನು ಕಿತ್ತೆಸೆದಳು. ‘ಆ ನೀರು ಬೇಡ, ಉರಿ ಹೆಚ್ಚುತ್ತೆ! ಸಮುದ್ರದ ನೀರೇ ಹಾಕು’ ಎಂದವಳೇ ಮಗುವಿನ ಕಾಲನ್ನು ತೊಡೆಯ ಮೇಲೆ ಒತ್ತಿ ಹಿಡಿದಳು.

‘ಉರಿಯುತ್ತೆ ಪುಟ್ಟಿ. ಜೋರಾಗೇ ಉರಿಯುತ್ತೆ. ಅಂಟ್ಕೊಂಡಿರೋದನ್ನ ತೆಗೀಬೇಕು, ಕಾಲು ಬಿಡಲ್ಲ ನಾನು.’

ಮಗು ಅವಳ ಮುಂಗೈಗೆ ಕಚ್ಚಿತು. ಹಲ್ಲು ನಾಟಿ ರಕ್ತ ಬಂತು. ಅವಳು ಅತ್ತ ನೋಡಲೂ ಇಲ್ಲ, ಚೀಲದಲ್ಲಿದ್ದ ಚಿಮಟಿಗೆಯಿಂದ ಒಂದೊಂದೇ ಎಳೆಯನ್ನು ತೆಗೆದಳು. ಮಗುವಿಗೆ ಬಿಕ್ಕಿ ಬಿಕ್ಕಿ ಸಾಕಾಯಿತು. ಮೊದಲ ಸಲ ಅವಳ ಮುಖ ನೋಡಿ ಕೇಳಿತು: ‘ಹೋಗುತ್ತಾ?’

‘ಸಾಯಂಕಾಲಕ್ಕೆ ಕಮ್ಮಿ ಆಗುತ್ತೆ. ಪೂರ್ತಿ ಹೋಗೋಕೆ ಇನ್ನೂ ದಿನ ಬೇಕು.’

ಸಾಯಂಕಾಲ ನಾನು ಬಟ್ಟೆ ಮಡಿಸುತ್ತಿದ್ದೆ. ಮಗು ಕುಂಟುತ್ತ ನನ್ನನ್ನು ದಾಟಿ ಅಡುಗೆಕೋಣೆಗೆ ಹೋಯಿತು. ‘ಕಮ್ಮಿ ಆಯ್ತು, ನೋಡು’ ಎಂದು ಅವಳಿಗೆ ಕಾಲು ತೋರಿಸಿತು. ಅವಳು ಕೆಳಗೆ ಕೂತು ನೋಡಿದಳು. ನಾನು ಮಡಿಸಿದ ಬಟ್ಟೆಯನ್ನೇ ಮತ್ತೆ ಬಿಚ್ಚಿ ಮಡಿಸುತ್ತಿದ್ದೆ.

ಹೊರಡುವ ಹಿಂದಿನ ದಿನ ನನ್ನ ಗಂಡ, ‘ಮಗು ಏಳೋಕ್ ಮುಂಚೆ ಹೊರಟ್ಬಿಡೋಣ, ಇಲ್ದಿದ್ರೆ ರಂಪ ಆಗುತ್ತೆ’ ಎಂದರು. ಅಷ್ಟು ದಿನ ಅಣ್ಣನಿಗೆ ಎದುರಾಡದಿದ್ದ ನಾದಿನಿಯ ದನಿ ಏರಿತು.

‘ಬೇಡ ಅಣ್ಣ. ಹಂಗೆ ನಾನ್ ಮಾಡಿದ್ದೇ ಸಾಕು. ಮಂಚದ ಕೆಳಗೆಲ್ಲ ಹುಡುಕ್ತಂತೆ ನನ್ನ. ಇನ್ನೊಂದ್ಸಲ ಅದು ಯಾರನ್ನೂ ಹಂಗೆ ಹುಡುಕ್ಬಾರ್ದು. ಅಳ್ಲಿ, ಎದುರಿಗೇ ಅಳ್ಲಿ. ಅತ್ತಿಗೆ, ನೀನೇ ಹೇಳ್ಬೇಕು.’

ಬೆಳಗಿನ ಬಿಸಿಲಿನಲ್ಲಿ, ಮರಳಿನ ಮೇಲೆ ಕೂತು ನಾನೇ ಹೇಳಿದೆ. ‘ಪುಟ್ಟಿ, ಇವತ್ತು ನಾನು ಊರಿಗೆ ಹೋಗ್ತೀನಿ. ನೀನು ಇಲ್ಲಿರ್ತೀಯ. ಫೋನ್ ಮಾಡ್ತೀನಿ.’ ಮಗು ನನ್ನ ಸೆರಗನ್ನು ಮುಷ್ಟಿಯಲ್ಲಿ ಹಿಡಿಯಿತು. ಆಮೇಲೆ ಎದ್ದ ಆ ಕೂಗನ್ನು ನಾನು ಬರೆಯಲಾರೆ. ದಂಡೆಯ ಜನರೆಲ್ಲ ತಿರುಗಿ ನೋಡಿದರು. ನನ್ನ ಸೀರೆಯ ಸೆರಗನ್ನು ಅದರ ಮುಷ್ಟಿಯಿಂದ ಬಿಡಿಸಿದವಳು ನಾದಿನಿ. ಒದೆಯುತ್ತಿದ್ದ ಮಗುವನ್ನು ಎದೆಗವಚಿಕೊಂಡು, ‘ಹೋಗ್ತಾಳೆ ಪುಟ್ಟಿ, ನಿಜವಾಗ್ಲೂ ಹೋಗ್ತಾಳೆ. ನಾನು ಇಲ್ಲೇ ಇರ್ತೀನಿ’ ಎನ್ನುತ್ತಿದ್ದಳು. ಅವಳ ಕಣ್ಣಿನಿಂದಲೂ ನೀರು ಇಳಿಯುತ್ತಿತ್ತು.

ದೊಡ್ಡಬಳ್ಳಾಪುರಕ್ಕೆ ಬಂದ ಮೇಲೆ ಎಷ್ಟೋ ದಿನ ನಾನು ಅವಳನ್ನು ಮನಸ್ಸಿನಲ್ಲೇ ಬೈದುಕೊಂಡೆ. ಕಲ್ಲೆದೆಯವಳು ಎಂದೆ. ಅವಳೋ ಒಂದು ಸಂಜೆಯೂ ಫೋನು ತಪ್ಪಿಸಲಿಲ್ಲ. ಮಗು ಪರದೆಯ ಮೇಲೆ ನನ್ನನ್ನು ಕಂಡು ಅತ್ತರೂ ಫೋನನ್ನು ಪಕ್ಕಕ್ಕೆ ಸರಿಸಲಿಲ್ಲ. ಅಳು ಕ್ರಮೇಣ ಕಮ್ಮಿಯಾಯಿತು. ಆಮೇಲೆ ಸ್ಕೂಲಿನ ಕಥೆಗಳು ಶುರುವಾದವು.

ಈ ಬೇಸಿಗೆಗೆ ಇಬ್ಬರೂ ರಜೆಯ ಮೇಲೆ ಬಂದಿದ್ದರು. ಮಗು ಉದ್ದವಾಗಿದೆ. ಮೂರು ವಾರ ನನ್ನ ಮಗ್ಗುಲಲ್ಲೇ ಮಲಗಿತು. ವಾಪಸ್ ಹೋಗುವ ದಿನ ದೇವನಹಳ್ಳಿ ಏರ್‌ಪೋರ್ಟಿಗೆ ಹೋಗುವ ಕಾರು ಮನೆಯ ಮುಂದೆ ಬಂದು ನಿಂತಾಗ ನನಗೆ ಧೈರ್ಯ ಸಾಲಲಿಲ್ಲ. ಗಿಡಗಳಿಗೆ ನೀರು ಬಿಡುವ ನೆಪ ಹೇಳಿ ಹಿತ್ತಲಿನ ತೊಟ್ಟಿಯ ಹಿಂದೆ ನಿಂತುಬಿಟ್ಟೆ. ನಾದಿನಿ ಹುಡುಕಿಕೊಂಡು ಬಂದಳು. ತನ್ನ ಸೆರಗಿನಿಂದಲೇ ನನ್ನ ಮುಖ ಒರೆಸಿದಳು.

‘ಬಾ ಅತ್ತಿಗೆ’ ಎಂದಳು. ‘ನೀನು ಬರೋಗಂಟ ಅವಳು ಕಾರು ಹತ್ತಲ್ವಂತೆ.’