ಬಾಲವಿದ್ದ ಕೋವಿ

ನನ್ನ ತವರು ಕೊಡ್ಲಿಪೇಟೆ. ಅಲ್ಲಿ ನಮ್ಮ ಮನೆಯಲ್ಲಿ ಆಯುಧ ಅಂದರೆ ಕತ್ತಿ, ಗುದ್ದಲಿ, ಹೆಚ್ಚೆಂದರೆ ಅಮ್ಮನ ಬಾಯಿ. ಬಾಳೆಲೆ ಎಂಬ ಊರಿಗೆ ಸೊಸೆಯಾಗಿ ಬಂದ ದಿನ ಗೋಡೆಗೆ ಸಾಲಾಗಿ ಒರಗಿದ್ದ ಕೋವಿಗಳನ್ನು ಕಂಡು, ಇವರ ಜೊತೆ ಜಗಳಕ್ಕೆ ಹುಷಾರಾಗಿ ಇಳಿಯಬೇಕು ಅಂದುಕೊಂಡಿದ್ದೆ.

ಅವುಗಳಲ್ಲಿ ಅತಿ ಹಳೆಯದರ ಮೇಲೆ ಮನೆಯಲ್ಲಿ ಮುಗಿಯದ ತಕರಾರು. ಹಿರಿಯರೆಲ್ಲ ಅದಕ್ಕೆ ನಳಿಗೆಯ ಬಾಯಿಂದಲೇ ಮದ್ದು, ಗುಂಡು ಜಡಿದು ಹೊಡೆದವರು. ನನ್ನ ಮಾವ ಮಾತ್ರ ಅದು ಹಿಂದಿನಿಂದ ತುಂಬುವ ಕೋವಿ ಎಂದು ಸಾಯುವ ತನಕ ಸಾಧಿಸಿದರು. ಎಸ್ಟೇಟಿನ ಮುದುಕ ದೊರೆಯೊಬ್ಬ ಅವರಿಗೆ ಹೇಳಿದ್ದನಂತೆ: ಹಿಂಬದಿಯಲ್ಲಿ ಬಾಲದಂಥ ಹಿಡಿ ಇದೆ, ಎತ್ತಿದರೆ ತೆರೆದುಕೊಳ್ಳುತ್ತದೆ, ಮದ್ದಿನ ಕಾಗದದ ಸುರುಳಿ ಇಟ್ಟು ಮುಚ್ಚಿ, ಹೊರಗೆ ಕಿಡಿ ಹೊತ್ತಿಸುವ ಒಂದು ತಾಮ್ರದ ಕೇಪು ತೊಡಿಸಿದರೆ ಆಯಿತು. ಕೇಪು, ಮದ್ದು, ಗುಂಡು ಎಲ್ಲ ಒಂದರಲ್ಲೇ ಇರುವ ತೋಟಾ ಬಂದ ಮೇಲೆ ಇಂಥವು ಬೇಗ ಮೂಲೆ ಸೇರಿ, ಈಗ ಬಲು ಅಪರೂಪವಂತೆ.

ಅದನ್ನು ಕಂಡುಹಿಡಿದವನ ಕತೆಯನ್ನು ಮಾವ ತಾವೇ ಹೆಣೆದಿದ್ದರು. "ಅವನ ಹೊಟ್ಟೆ ಗುಡಾಣದಷ್ಟು ಇತ್ತು ಮಾರಾಯ್ತಿ. ಎದ್ದು ನಿಂತು ಮದ್ದು ಜಡಿಯೋಕೆ ಸೋಮಾರಿತನ. ಮಲಗಿದಲ್ಲೇ ತುಂಬೋ ಹಾಗೆ ಮಾಡ್ಕೊಂಡ. ಬುದ್ಧಿ ಇರೋದೆಲ್ಲ ಸೋಮಾರಿಗಳಿಗೇ!" ಎನ್ನುತ್ತ, ಇನ್ನೊಂದು ಲೋಟ ಕಾಫಿಯನ್ನು ಕೂತಲ್ಲಿಗೇ ತರಿಸಿಕೊಳ್ಳುತ್ತಿದ್ದರು.

ಬಾಲ ಮಾತ್ರ ಯಾರಿಗೂ ಕಂಡಿರಲಿಲ್ಲ. ಪ್ರತಿವರ್ಷ ಆಯುಧದ ಹಬ್ಬ ಕೈಲ್ ಮುಹೂರ್ತಕ್ಕೆ ಕೋವಿಗಳನ್ನು ಪೂಜೆಗಿಟ್ಟಾಗ ಗಂಧ, ಕುಂಕುಮ ಮೆತ್ತುತ್ತಿದ್ದದ್ದು ಸರಿಯಾಗಿ ಆ ಹಿಂಬದಿಗೇ. ತಲೆಮಾರುಗಳಿಂದ ಹಚ್ಚಿದ್ದನ್ನು ಕೆರೆದರೆ ಕಾರಣವರಿಗೆ, ಅಂದರೆ ತೀರಿಹೋದ ಹಿರಿಯರಿಗೆ, ಕೋಪ ಬರುತ್ತದೆಂದು ಯಾರೂ ಮುಟ್ಟಿರಲಿಲ್ಲ. ಹಬ್ಬಕ್ಕೆ ಕುಟ್ಟ ಊರಿನಿಂದ ಬರುವ ಮಾವನ ತಮ್ಮ, ನನ್ನ ಚಿಕ್ಕಮಾವ, ಪ್ರತಿವರ್ಷ ಕೇಳುವರು: "ಅತ್ತಿಗೆ, ಈ ಸಲನಾದ್ರೂ ಕೋವಿಗೆ ಬಾಲ ಮೊಳೀತಾ?" ಮನೆಯೆಲ್ಲ ನಗುತ್ತಿತ್ತು.

ಮಾವ ತೀರಿಕೊಂಡ ಮೇಲೂ ಆ ಪ್ರಶ್ನೆ ನಿಲ್ಲಲಿಲ್ಲ. ಕಳೆದ ವರ್ಷ ಅದು ಕಿವಿಗೆ ಬಿದ್ದಾಗ ಅತ್ತೆಯ ಕಣ್ಣು ತುಂಬಿತು. ಈ ವರ್ಷ ಹಬ್ಬದ ಹಿಂದಿನ ದಿನ ಅತ್ತೆ ನನ್ನನ್ನು ಕರೆದರು.

"ಅವರು ಬುರುಡೆ ಬಿಡೋರು ಅನ್ನಿಸ್ಕೊಂಡೇ ಹೋದ್ರು. ನಾನು ಕಣ್ಣು ಮುಚ್ಚೋದ್ರೊಳಗೆ ಇದು ತೀರ್ಮಾನ ಆಗ್ಬೇಕು. ಇಲ್ಲಿಯೋರು ಯಾರೂ ಕೈ ಹಾಕಲ್ಲ. ನೀನು ತಿಕ್ಕು."

"ಕಾರಣವರ ಕೋಪ ಬಂದ್ರೆ ನನಗೆ, ಅಲ್ವಾ ಅತ್ತೆ?"

"ಮತ್ತೆ? ನಿನಗೇ," ಎಂದರು, ಒಂದಿಷ್ಟೂ ನಾಚಿಕೆಯಿಲ್ಲದೆ.

ಕೋವಿ ಖಾಲಿಯಿದೆಯೆಂದು ನನ್ನ ಗಂಡ ನೋಡಿಕೊಟ್ಟರು. ಪಂಪಿನ ಡೀಸೆಲ್‌ನಲ್ಲಿ ಬಟ್ಟೆ ಅದ್ದಿ, ಬಿದಿರಿನ ಸೀಳು ಹಿಡಿದು ಜಗಲಿಯಲ್ಲಿ ಕೂತೆ. ಎದುರಿಗೇ ಕಾಲ ಮೇಲೆ ಕಾಲು ಹಾಕಿ, ಹಬ್ಬಕ್ಕೆ ಆಗಲೇ ಬಂದಿದ್ದ ಚಿಕ್ಕಮಾವ. ತಳ ಹಿಡಿದ ಪಾಯಸದ ಹಾಗೆ ಗಂಧ ಪದರ ಪದರವಾಗಿ ಎದ್ದಿತು. ಮೊದಲು ಸವೆದ ಇಂಗ್ಲಿಷ್ ಅಕ್ಷರಗಳು, ಆ ಹೊಟ್ಟೆಯವನ ಹೆಸರೇ ಇರಬೇಕು. ಆಮೇಲೆ ಕೂದಲೆಳೆಯಷ್ಟು ಸಂದು. ಉಗುರು ಸಿಕ್ಕಿಸಿ ಎಳೆದೆ. ಊಹೂಂ.

"ಬಿಡಮ್ಮಾ, ಅಣ್ಣನ ಕತೆ ಅದು," ಎಂದು ಚಿಕ್ಕಮಾವ ನಕ್ಕರು. ಅತ್ತೆ ತುಟಿ ಬಿಗಿಹಿಡಿದು ನಿಂತಿದ್ದರು. ಆ ಮುಖ ನೋಡಿ ನನಗೆ ಸಿಟ್ಟು ನೆತ್ತಿಗೇರಿತು. ಸಂದಿಗೆ ಇನ್ನಷ್ಟು ಡೀಸೆಲ್ ಸುರಿದು, ಮರದ ಸೌಟಿನ ಹಿಡಿಯಿಂದ ಕುಟ್ಟಿ, ಹಲ್ಲು ಕಚ್ಚಿ ಎಳೆದೆ. ಕಟಕ್! ಉದ್ದನೆಯ ಬಾಲವೊಂದು ಮೇಲೆದ್ದಿತು. ಕೋವಿ ಹಿಂದಿನಿಂದ ಬಾಯಿ ತೆರೆದಿತ್ತು.

ಚಿಕ್ಕಮಾವ ಕೋವಿ ಇಸಿದುಕೊಂಡು ಹಿಂಬದಿಯಿಂದ ಇಣುಕಿದರು. ನಳಿಗೆಯ ಆ ತುದಿಯಲ್ಲಿ ಅಂಗಳ ಕಾಣುತ್ತಿತ್ತು. ಅವರ ನಗು ಎತ್ತಲೋ ಹೋಯಿತು. ಕೋವಿ ಕೆಳಗಿಟ್ಟು ಅತ್ತೆಯ ಕಾಲು ಮುಟ್ಟಿದರು.

"ತಪ್ಪಾಯ್ತು ಅತ್ತಿಗೆ. ಅಣ್ಣ ನಿಜ ಹೇಳ್ತಿದ್ದ, ನಾನು ಜೀವಮಾನವಿಡೀ ನಕ್ಕೆ."

ಅತ್ತೆ ಗೆದ್ದ ಖುಷಿಯಲ್ಲಿ ಜೋರಾಗಿ ನಕ್ಕರು. ನಗುತ್ತಲೇ ಅಳತೊಡಗಿದರು.

"ನೀನು ಅವರ ಎದುರಿಗೇ ನಕ್ಕೆ, ಬಿಡು. ನಾನು ಅವರ ಎದುರು ಹೂಂ ಹೂಂ ಅಂದು, ಅಡಿಗೆಮನೇಲಿ ನಗ್ತಿದ್ದೆ ಕಣೋ."