ಅಂದಾನಯ್ಯನವರ ಕ್ರಿಸ್ಮಸ್ ಸಿನಿಮಾ

ಪಾಂಡವಪುರದ ನಮ್ಮ ಮನೆ ಮಾಲೀಕ ಅಂದಾನಯ್ಯನವರು ಡಿಸೆಂಬರ್ ಬಂತೆಂದರೆ ಒಂದೇ ಸಿನಿಮಾ ಹಾಕುತ್ತಾರೆ. ಹಿಮ ಬೀಳುವ ಯಾವುದೋ ಊರಿನಲ್ಲಿ ಕ್ರಿಸ್ಮಸ್ಸಿಗೆಂದು ಸೇರಿದ ದೊಡ್ಡ ಕುಟುಂಬವೊಂದು ಪಡುವ ಫಜೀತಿಯ ಕಥೆ, ಕನ್ನಡಕ್ಕೆ ಡಬ್ ಆಗಿರುವುದು. ಬಾಡಿಗೆದಾರನಾದ ನನಗೆ ಮುಂದಿನ ಕುರ್ಚಿ ಖಾಯಂ. ನಗದೆ ಬೇರೆ ದಾರಿಯಿಲ್ಲ. "ಈಗ ನೋಡಿ, ಆ ಮಾವ ಏಣಿ ಸಮೇತ ಬೀಳ್ತಾನೆ!" ಎಂದು ಮೊದಲೇ ಹೇಳಿ, ಮಾವ ಬೀಳುವಷ್ಟರಲ್ಲಿ ತಾವೇ ನಗುತ್ತಾ ಕುರ್ಚಿಯಿಂದ ಜಾರಿರುತ್ತಾರೆ. ಹಬ್ಬದ ಕೋಳಿ ಕರಕಲಾದಾಗ, "ಮುದ್ದೆ ಇಲ್ದೆ ಅದೆಂಗ್ರಲಾ ತಿಂತೀರಾ?" ಎಂದು ಪರದೆಯವರನ್ನೇ ಗದರುತ್ತಾರೆ. ಆದರೆ ಊಟದ ಮೇಜಿನಲ್ಲಿ ಅಣ್ಣತಮ್ಮಂದಿರು ಜಗಳಕ್ಕೆ ನಿಂತು, ತಮ್ಮ ಎದ್ದು ಹಿಮದೊಳಗೆ ನಡೆದುಬಿಡುವಾಗ ಮಾತ್ರ ಅವರು ರಿಮೋಟನ್ನು ಕೈಗೆತ್ತಿಕೊಳ್ಳುತ್ತಾರೆ. ಅಣ್ಣ ಹಿಂದೆಯೇ ಓಡಿ, ಜಾರಿ, ತಮ್ಮನನ್ನೂ ಬೀಳಿಸಿ, ಕೊನೆಗೆ ಇಬ್ಬರೂ ನಗುತ್ತಾ ಒಳಗೆ ಬರುತ್ತಾರೆ. ಅಂದಾನಯ್ಯನವರು ಅಷ್ಟನ್ನೇ ಹಿಂದಕ್ಕೆ ತಿರುಗಿಸಿ ಮತ್ತೆ ಮತ್ತೆ ನೋಡುತ್ತಾರೆ. ಅಪ್ಪನ ತಿಥಿಯ ದಿನ ಆಸ್ತಿ ಭಾಗದ ಮಾತಿಗೆ ಎಲೆ ಬಿಟ್ಟು ಎದ್ದುಹೋದ ಇವರ ತಮ್ಮ ಸಿದ್ದೇಶ, ಗೋಡೆಯಾಚೆಯ ಮನೆಯಲ್ಲೇ ಇದ್ದಾನೆ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಈ ಸಲ ಹೆಂಡತಿ ಮುತ್ತಮ್ಮನವರು ತಡೆಯಲಾರದೆ, "ಆ ಅಣ್ಣನ್ನ ಎಷ್ಟು ಸಲ ಓಡುಸ್ತೀರಿ? ಒಂದ್ಸಲ ನೀವೂ ಓಗ್ಬನ್ನಿ" ಎಂದುಬಿಟ್ಟರು. ಅಂದಾನಯ್ಯನವರು ಎದ್ದರು, ಚಪ್ಪಲಿ ಮೆಟ್ಟಿದರು, ತಮ್ಮನ ಬಾಗಿಲತ್ತ ನೋಡುತ್ತಾ ಜಗಲಿಯ ಮೇಲೆ ನಿಂತರು. ಆಮೇಲೆ ಒಳಗೆ ಬಂದು, "ಮಲಿಕ್ಕಂಡಿರ್ತಾನೆ ಬುಡು" ಎಂದರು. ಆಗಿನ್ನೂ ಬೀದಿದೀಪ ಹತ್ತಿರಲಿಲ್ಲ.