ಅಕ್ಕನಿಗೆ ನಾನು ಹೇಳಿದ ಸುಳ್ಳು

ಐವತ್ತರ ದಶಕದ ಒಂದು ಸುಗ್ಗಿಯಲ್ಲಿ ಅಕ್ಕ ಊಟ ಬಿಟ್ಟು ಮೂಲೆ ಹಿಡಿದಳು. ಎಳೆಗೂಸು ತೀರಿಕೊಂಡ ಮೇಲೆ ಅವಳ ಮನಸ್ಸು ಕೆಟ್ಟಿತ್ತು. ಕೊಣ್ಣೂರಿನ ಗಂಡನ ಮನೆಯವರು ರೋಣಕ್ಕೆ ತಂದು ನಮ್ಮಲ್ಲಿ ಬಿಟ್ಟುಹೋಗಿದ್ದರು. ತಲೆ ಬಾಚುವವಳು ನಾನು, ಸೀರೆ ಒಗೆಯುವವಳು ನಾನು, ತುತ್ತು ಹಿಡಿದು ಗೋಗರೆಯುವವಳೂ ನಾನೇ. ಅವಳು ಮಾತ್ರ ನನ್ನತ್ತ ಕಣ್ಣೆತ್ತಿ ನೋಡುತ್ತಿರಲಿಲ್ಲ.

ಓಣಿಯ ಕೊನೆಮನೆಯ ದೊಡ್ಡವ್ವ ಒಂದು ದಿನ ತಾನಾಗಿಯೇ ಬಂದಳು. ಹಿಂದೆ ಎರಡು ವರ್ಷ ಹುಚ್ಚರ ದವಾಖಾನೆಯಲ್ಲಿದ್ದು ನೆಟ್ಟಗಾಗಿ ಬಂದವಳು. ಓಣಿಯ ಜನ ಅವಳನ್ನು ಮನೆಯೊಳಗೆ ಕರೆಯಲು ಹಿಂದೆಮುಂದೆ ನೋಡುತ್ತಿದ್ದರು. ಅಕ್ಕನ ಪಕ್ಕ ಕೂತು, ಮೊರದಲ್ಲಿ ಜೋಳ ಹಸನು ಮಾಡುತ್ತಾ, "ನನಗೂ ಹಂಗ ಆಗಿತ್ತವ್ವಾ," ಅಂದಳು. ಅಷ್ಟೇ. ಎಂಟು ದಿನದಲ್ಲಿ ಅಕ್ಕ ಅವಳ ಕೈಯಿಂದ ನುಚ್ಚು ಉಂಡಳು.

ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಒಡಹುಟ್ಟಿದವಳು ನಾನೋ, ಅವಳೋ? ಆ ಒಂದು ಮಾತಿನಲ್ಲಿ ಏನು ಮಹಾ ಇದೆ, ನನಗೂ ಬಾಯಿ ಇಲ್ಲವೇ? ದೊಡ್ಡವ್ವ ಬಾರದ ಒಂದು ದಿನ ಅವಳ ಜಾಗದಲ್ಲೇ ಕೂತು, ಅವಳದೇ ದನಿ ತೆಗೆದು, "ನನಗೂ ಹಂಗ ಆಗಿತ್ತಕ್ಕಾ," ಅಂದೆ.

ಅಕ್ಕ ನನ್ನ ಮುಖ ನೋಡಿದಳು. "ಯಾವಾಗ?"

ನಾನು ಮೊರ ಎಳೆದುಕೊಂಡು ಜೋಳ ಹಸನು ಮಾಡತೊಡಗಿದೆ.

"ಸುಳ್ಳ ಹೇಳತಿ. ಹಂಗಾದ್ರ ಆಕಿನೂ ಸುಳ್ಳ ಹೇಳಿರಬೇಕು. ನನಗ ಉಣಸಾಕ ಎಲ್ಲಾರೂ ಕೂಡಿ ಆಟ ಹೂಡೀರಿ."

ಮರುದಿನ ದೊಡ್ಡವ್ವ ಬಂದಾಗ ಅಕ್ಕ ಗೋಡೆಯ ಕಡೆ ಹೊರಳಿದಳು. ಮೂರು ದಿನ ತುತ್ತು ಮುಟ್ಟಲಿಲ್ಲ. ಅವ್ವ ಹರಕೆ ಹೊತ್ತಳು. ನಾನು ಬಾಯಿ ಬಿಡಲಿಲ್ಲ. ನಾಲ್ಕನೆಯ ದಿನ ಅಕ್ಕ ಎದ್ದು ನಿಲ್ಲಲಾರದೆ ಕುಸಿದಳು. ಆಗ ಓಡಿಹೋಗಿ ದೊಡ್ಡವ್ವನ ಮುಂದೆ ಎಲ್ಲ ಒದರಿದೆ.

ಅವಳು ಬೈಯಲಿಲ್ಲ. "ಆ ಎರಡ ವರ್ಷದಾಗ ನಾ ಗಳಿಸಿದ್ದು ಅದೊಂದ ಮಾತವ್ವಾ. ಅದನ್ನೂ ಕಸಗೊಂಡಿ," ಅಂದಳು. ಕೈ ಹಿಡಿದು ಕರೆತಂದು ಅಕ್ಕನೆದುರು ಕೂಡಿಸಿದಳು. "ಖರೇ ಹೇಳು."

"ನನಗ ಆಗಿಲ್ಲಕ್ಕಾ. ಆಕಿ ಕೂಡ ಮಾತಾಡತಿ, ನನ್ನ ಕೂಡ ಮಾತಾಡೂದಿಲ್ಲಂತ ಹೊಟ್ಟಿ ಉರೀತು."

ದೊಡ್ಡವ್ವ ಬಳೆ ಸರಿಸಿ ಮುಂಗೈ ಚಾಚಿದಳು. ಹುಚ್ಚು ಹಿಡಿದಾಗ ಅವಳ ಮನೆಯವರು ಕಟ್ಟಿಹಾಕಿದ್ದ ಹಗ್ಗದ ಕಲೆ ಅಲ್ಲಿತ್ತು. ಅಕ್ಕ ಅದರ ಮೇಲೆ ಮೆಲ್ಲಗೆ ಬೆರಳಾಡಿಸಿದಳು. ಆಮೇಲೆ ನನ್ನ ಗಲ್ಲ ಮುಟ್ಟಿ, "ನಿನಗ ಆಗೂದೂ ಬ್ಯಾಡ. ನೀ ಹೊರಗ ಹೋಗು," ಅಂದಳು.

ಹೊರಗೆ ಕಟ್ಟೆಯ ಮೇಲೆ ಕೂತೆ. ಒಳಗೆ ತಾಟಿನ ಸಪ್ಪಳವಾಯಿತು, ಅಕ್ಕ ಉಣ್ಣುತ್ತಿದ್ದಳು. ಅವಳು ಬದುಕಿದಳು. ಆದರೂ ಖರೇ ಹೇಳಬೇಕೆಂದರೆ, ಆ ಸಪ್ಪಳಕ್ಕೂ ನನ್ನ ಹೊಟ್ಟೆ ಉರಿಯಿತು.